ಗಾಯಾಳುವನ್ನು ಮುಟ್ಟಿದರೆ ಕೇಸು ಮೈಮೇಲೆ ಬರುತ್ತದೆಯೇ?

‘ಮುಟ್ಟಬೇಡಿ ಸಾರ್, ಪೊಲೀಸ್ ಕೇಸಾಗುತ್ತೆ.’ ಅಪಘಾತದ ಜಾಗಕ್ಕೆ ಆಂಬುಲೆನ್ಸಿಗಿಂತ ಮೊದಲು ಬರುವುದು ಈ ಮಾತು. ಹೇಳುವವರು ಕಲ್ಲೆದೆಯವರೇನಲ್ಲ. ಉಪಕಾರ ಮಾಡಲು ಹೋಗಿ ಠಾಣೆಗೂ ಕೋರ್ಟಿಗೂ ಅಲೆದವರ ಕತೆ ಕೇಳಿ ಹೆದರಿದವರು. ಆ ಕತೆಗಳು ಒಂದು ಕಾಲಕ್ಕೆ ನಿಜವೇ ಆಗಿದ್ದವು. ಈಗ ಕಾನೂನು ಬದಲಾಗಿದೆ, ಹೆದರಿಕೆ ಮಾತ್ರ ಹೋಗಿಲ್ಲ.

2016ರ ಮಾರ್ಚ್‌ನಲ್ಲಿ ಸೇವ್‌ಲೈಫ್ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆರವಿಗೆ ಬಂದವರನ್ನು ಕಾಡಬಾರದೆಂಬ ಕೇಂದ್ರದ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿತು. ಪ್ರತಿಫಲ ಬಯಸದೆ, ಒಳ್ಳೆಯ ಉದ್ದೇಶದಿಂದ ನೆರವಾದವರ ಕೈಯಲ್ಲಿ ಏನಾದರೂ ಎಡವಟ್ಟಾಗಿ ಗಾಯಾಳುವಿಗೆ ಹಾನಿಯಾದರೂ, ಆತ ಸತ್ತೇ ಹೋದರೂ, ಅವರ ಮೇಲೆ ಸಿವಿಲ್ ದಾವೆಯೂ ಇಲ್ಲ, ಕ್ರಿಮಿನಲ್ ಮೊಕದ್ದಮೆಯೂ ಇಲ್ಲ.

‘ಆದರೂ ಸಾಕ್ಷಿ ಹೇಳಲು ಎಳೆದಾಡುತ್ತಾರಲ್ಲ?’ ಎಂದು ಕೇಳುವವರಿದ್ದಾರೆ. ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಚ್ಛೆ. ಒಪ್ಪಿದರೆ ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ, ನಿಮಗೆ ಅನುಕೂಲವಾದ ಹೊತ್ತಿಗೆ ವಿಚಾರಿಸಬೇಕು. ಬರುವ ಪೊಲೀಸರು ಸಮವಸ್ತ್ರದಲ್ಲಿರದೆ ಸಾದಾ ಉಡುಪಿನಲ್ಲಿರಬೇಕು. ನೆರೆಹೊರೆಯವರು ಕಿಟಕಿಯಿಂದ ಇಣುಕುವುದನ್ನೂ ನಿಯಮ ಬರೆದವರು ಯೋಚಿಸಿದ್ದಾರೆ ಎಂದಾಯಿತು. ಈ ಹಕ್ಕುಗಳ ಫಲಕ ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲೂ ಇರಬೇಕು. ಪಾರ್ಕಿಂಗ್ ಶುಲ್ಕದ ಬೋರ್ಡಿನಷ್ಟು ದೊಡ್ಡದಾಗಿ ಅದನ್ನು ಎಲ್ಲಾದರೂ ಕಂಡ ನೆನಪು ನನಗಿಲ್ಲ.

ಒಂದು ಮಾತು: ಗುದ್ದಿದ ವಾಹನದ ಚಾಲಕನಿಗೆ ಈ ರಕ್ಷಣೆ ಇಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಅವನಿಗೆ ಕಾನೂನೇ ಹೊರಿಸಿದ ಹೊಣೆ. ಜನ ಹೊಡೆಯಲು ಮೈಮೇಲೆ ಬಂದರೆ, ಇಲ್ಲವೇ ಅವನ ಕೈಮೀರಿದ ಬೇರೆ ಕಾರಣವಿದ್ದರೆ ಮಾತ್ರ ವಿನಾಯಿತಿ.

ಇನ್ನೊಂದು ಹಳೆಯ ನಂಬಿಕೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣದ ಬಗ್ಗೆ: ‘ಎಂಎಲ್‌ಸಿ ಕೇಸು, ಪೊಲೀಸರು ಬರದೆ ಡಾಕ್ಟರು ಮುಟ್ಟುವುದಿಲ್ಲ.’ ಇದಕ್ಕೆ ಉತ್ತರ ಸಿಕ್ಕಿ ಮೂರೂವರೆ ದಶಕ ದಾಟಿದೆ. ಕಾರು ಗುದ್ದಿ ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ದಾರಿಹೋಕರೊಬ್ಬರು ಹತ್ತಿರದ ಆಸ್ಪತ್ರೆಗೆ ಒಯ್ದರು. ಅಲ್ಲಿನ ವೈದ್ಯರು, ಇಂಥ ಕೇಸು ನೋಡುವ ಆಸ್ಪತ್ರೆ ಬೇರೆ ಎಂದು ಸುಮಾರು 20 ಕಿಲೋಮೀಟರ್ ಆಚೆಗೆ ಸಾಗಹಾಕಿದರು. ಸವಾರ ದಾರಿಯಲ್ಲೇ ಸತ್ತ. ಪತ್ರಿಕೆಯಲ್ಲಿ ಬಂದ ಈ ಸುದ್ದಿ ಹಿಡಿದು ಪರಮಾನಂದ ಕಟಾರಾ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ವೈದ್ಯರಿಗೆ ಜೀವ ಉಳಿಸುವುದೇ ಮೊದಲ ಕರ್ತವ್ಯ, ಕಾಗದಪತ್ರ ಆಮೇಲೆ. ಎಂಎಲ್‌ಸಿ ಬರೆದು ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಕರೆತಂದವರನ್ನು ಅದಕ್ಕಾಗಿ ಕಾರಿಡಾರಿನಲ್ಲಿ ಕೂರಿಸಿಕೊಳ್ಳುವಂತಿಲ್ಲ.

ಅಡ್ವಾನ್ಸ್ ಹಣದ ಭಯವೂ ಇದೆ. ಕರೆತಂದವರಿಂದ ಹಣ ಕೇಳುವಂತಿಲ್ಲ, ಅವರೇ ಸಂಬಂಧಿಕರಾಗಿದ್ದರೆ ಮಾತು ಬೇರೆ. 2025ರ ಮೇ 5ರಿಂದ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ.

ಕಾನೂನಿನ ಭಯ ಬಿಟ್ಟು ಮುಂದೆ ಬಂದವರೂ ಒಂದು ಕಡೆ ತಪ್ಪುತ್ತಾರೆ. ಬಾಟಲಿ ತೆರೆದು ಬಾಯಿಗೆ ನೀರು ಸುರಿಯುತ್ತಾರೆ. ಅರೆಪ್ರಜ್ಞೆಯಲ್ಲಿರುವವರ ಗಂಟಲಿಗೆ ಬಿದ್ದ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸಬಹುದು. ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿರುವ ನೀರೂ ಅಪಾಯವೇ. ಕುತ್ತಿಗೆ ಎಲುಬಿಗೆ ಪೆಟ್ಟು ಬಿದ್ದಿರಬಹುದಾದ್ದರಿಂದ ಹೆಲ್ಮೆಟ್ ಕಿತ್ತು ತೆಗೆಯುವುದು, ಕೈಕಾಲು ಹಿಡಿದು ಆಟೋಗೆ ತುಂಬುವುದು ಕೂಡದು. 108ಕ್ಕೆ ಕರೆ ಮಾಡಿ, ರಕ್ತ ಸೋರುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ಆಂಬುಲೆನ್ಸ್ ಬರುವವರೆಗೆ ಅವರ ಪಕ್ಕದಲ್ಲೇ ಇರಿ.