ಇಟ್ಟಿಗೆ ಹೊದಿಕೆಯ ಹಿಂದಿನ ಪುಟ್ಟ ಕೊಂಡಿ

ಆರು ತಿಂಗಳು ಟೆಕ್ಸಾಸ್‌ನಲ್ಲಿ ಮಗಳ ಮನೆಯಲ್ಲಿದ್ದು ಬಂದ ಓದುಗರೊಬ್ಬರು ಕೇಳಿದ್ದಾರೆ: ‘ಹೊರಗಿನಿಂದ ನೋಡಿದರೆ ಅಚ್ಚುಕಟ್ಟಾದ ಇಟ್ಟಿಗೆ ಮನೆ. ಒಳಗೆ ಗೋಡೆ ತಟ್ಟಿದರೆ ಡಬ್ಬದ ಸದ್ದು. ಅದು ಇಟ್ಟಿಗೆ ಮನೆಯೋ, ಮರದ ಮನೆಯೋ? ಆ ಇಟ್ಟಿಗೆ ಬೀಳುವುದಿಲ್ಲವೇ?’

ಮರದ ಮನೆಯೇ. ನಮ್ಮೂರಿನಲ್ಲಿ ಇಟ್ಟಿಗೆ ಗೋಡೆ ಸೂರನ್ನು ಹೊರುತ್ತದೆ. ಅಲ್ಲಿ ಸೂರು ನಿಂತಿರುವುದು ‘ಸ್ಟಡ್’ ಎಂದು ಕರೆಯುವ ಮರದ ನಿಲುಗಂಬಗಳ ಮೇಲೆ. ಇಟ್ಟಿಗೆ ಬರೀ ಹೊದಿಕೆ, ಅಂದರೆ ಬ್ರಿಕ್ ವೆನೀರ್. ಸುಮಾರು 9 ಸೆಂಟಿಮೀಟರ್ ದಪ್ಪದ ಒಂಟಿ ವರಸೆ, ಬುನಾದಿಯ ಮೇಲೆ ನಿಂತು ತನ್ನ ಭಾರವನ್ನಷ್ಟೇ ತಾನು ಹೊರುತ್ತದೆ. ಅದಕ್ಕೂ ಮರಕ್ಕೂ ನಡುವೆ ಮಳೆನೀರು ಇಳಿದುಹೋಗಲು ಒಂದಂಗುಲದಷ್ಟು ಸಂದು.

ಇಷ್ಟು ತೆಳ್ಳಗಿನ ಗೋಡೆ ಎರಡು ಅಂತಸ್ತು ಎತ್ತರಕ್ಕೆ ತಾನಾಗಿ ನಿಲ್ಲಲಾರದು. ಅದನ್ನು ಮರಕ್ಕೆ ಹಿಡಿದಿಡುವುದು ಟೈ ಎಂಬ ಲೋಹದ ಕೊಂಡಿ. ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಅಲೆಅಲೆಯಾದ ತಗಡಿನ ಪಟ್ಟಿ. ಅಗಲ 22 ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಒಂದು ತುದಿಯನ್ನು ಸ್ಟಡ್‌ಗೆ ಒಂದೇ ಮೊಳೆಯಿಂದ ಬಡಿದು, ಇನ್ನೊಂದು ತುದಿಯನ್ನು ಮಡಚಿ ಒಂದರ ಮೇಲೊಂದಿರುವ ಎರಡು ಇಟ್ಟಿಗೆ ಸಾಲುಗಳ ನಡುವಿನ ಗಾರೆಯಲ್ಲಿ ಹೂತಿಡುತ್ತಾರೆ. ಸುಮಾರು ಕಾಲು ಚದರ ಮೀಟರಿಗೆ ಇಂಥದ್ದು ಒಂದಾದರೂ ಇರಬೇಕು ಎನ್ನುತ್ತದೆ ಅಲ್ಲಿನ ನಿಯಮ. ಅಷ್ಟು ಜಾಗದ ಇಟ್ಟಿಗೆಯ ತೂಕ ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆಯಷ್ಟು. ಭೂಮಿ ಜೋರಾಗಿ ಅಡ್ಡಡ್ಡ ಅಲುಗಿದಾಗ ಆ ಮೂಟೆಯನ್ನು ಒಂದು ಪಟ್ಟಿ, ಒಂದು ಮೊಳೆ ಹಿಡಿದುಕೊಳ್ಳಬೇಕು.

ಗಟ್ಟಿಯಾಗಿ ಬಿಗಿದುಬಿಟ್ಟರೆ ಆಯಿತಲ್ಲ ಎನ್ನಬೇಡಿ. ಗೂಡಿನಿಂದ ಬಂದ ಇಟ್ಟಿಗೆ ಗಾಳಿಯ ತೇವ ಕುಡಿದು ವರ್ಷಗಟ್ಟಲೆ ಕೂದಲೆಳೆಯಷ್ಟು ಬೆಳೆಯುತ್ತದೆ. ಮರ ಒಣಗುತ್ತಾ ಕುಗ್ಗುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಇಲ್ಲಿ ನನಗೆ ನೆನಪಾಗುವುದು ಜೋಡೆತ್ತಿನ ನೊಗ. ಉಳುವಾಗ ಒಂದೆತ್ತು ತಗ್ಗಿಗೆ ಇಳಿದರೆ, ಇನ್ನೊಂದು ದಿಬ್ಬ ಹತ್ತಿದರೆ ನೊಗ ಓರೆಯಾಗುತ್ತದೆ, ಯಾವ ಎತ್ತಿನ ಕತ್ತೂ ಮುರಿಯುವುದಿಲ್ಲ. ಆದರೆ ಅದು ಎರಡು ಎತ್ತುಗಳನ್ನು ಒಂದರ ಮೇಲೊಂದು ಬೀಳಲೂ ಬಿಡದು, ದೂರ ಸರಿಯಲೂ ಬಿಡದು. ಮೇಲೆ ಕೆಳಗೆ ಸಡಿಲ, ಅಡ್ಡಕ್ಕೆ ಬಿಗಿ. ಒಳ್ಳೆಯ ಟೈ ಮಾಡಬೇಕಾದದ್ದೂ ಇದನ್ನೇ. ಬಿರುಗಾಳಿ ಗೋಡೆಯನ್ನು ತಳ್ಳಿದಾಗ ಅದು ಬಾಗಬಾರದು, ಹೊರಗೆ ಎಳೆದಾಗ ಕಳಚಬಾರದು.

ತಗಡಿನ ಪಟ್ಟಿ ಸೋಲುವುದು ಎಲ್ಲಿ? ಮನೆಯಲ್ಲೇ ನೋಡಬಹುದು. ಹಳೆಯ ಲಗ್ನಪತ್ರಿಕೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ‘ಎಲ್’ ಆಕಾರಕ್ಕೆ ಮಡಚಿ. ಒಂದು ಮಗ್ಗುಲನ್ನು ಮೇಜಿಗೆ ಒತ್ತಿ, ಹೆಬ್ಬೆರಳು ಮಡಿಕೆಗೆ ತಾಗಿಕೊಂಡಂತಿರಲಿ. ಇನ್ನೊಂದು ಮಗ್ಗುಲನ್ನು ಮೇಲಕ್ಕೆ ಎಳೆಯಿರಿ, ಅಲ್ಲಾಡದು. ಹೆಬ್ಬೆರಳನ್ನು ಒಂದಂಗುಲ ಹಿಂದಕ್ಕೆ ಸರಿಸಿ ಎಳೆಯಿರಿ, ಪಟ್ಟಿ ಕಮಾನಿನಂತೆ ಎದ್ದುಬರುತ್ತದೆ. ಹೆಬ್ಬೆರಳೇ ಮೊಳೆ. ಅದಕ್ಕೇ ಮೊಳೆಯಿಂದ ಅರ್ಧ ಅಂಗುಲದೊಳಗೆ ಮಡಿಕೆ ಇರಬೇಕು ಎಂದು ನಿಯಮ. ಆದರೆ ಕಟ್ಟುವಾಗ ಮಡಿಕೆ ಗಾರೆಯ ಸಾಲು ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದ ಜೇಮ್ಸ್ ಲಫೇವ್ ಮತ್ತು ಸಂಗಡಿಗರು ಈ ಟೈಗಳನ್ನು ಎಳೆದು, ತಳ್ಳಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಎಳೆದಾಗ ಮುಖ್ಯವಾಗಿ ಸೋತದ್ದು ತಗಡಲ್ಲ, ಮರದಿಂದ ಕಿತ್ತುಬಂದ ಮೊಳೆ. 2004ರ ಐವಾನ್, 2005ರ ಕತ್ರಿನಾ ಚಂಡಮಾರುತಗಳು ಹೋದ ಮೇಲೆ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಬಿದ್ದ ಹೊದಿಕೆಗಳನ್ನು ನೋಡಿದಾಗಲೂ ಅದೇ ಕಥೆ. ಜೊತೆಗೆ ಗಾರೆಯೊಳಗೆ ಸೇರದೆ ಸಂದಿನಲ್ಲಿ ಕೆಳಕ್ಕೆ ಮಡಚಿಕೊಂಡಿದ್ದ ಟೈಗಳೂ ಸಿಕ್ಕವು. ಮೊದಲೇ ಬಡಿದಿಟ್ಟ ಟೈ ಗಾರೆಯ ಸಾಲಿಗೆ ಹೊಂದದಿದ್ದಾಗ ಹೀಗಾಗುತ್ತದೆ.

ಪರಿಹಾರ ದೊಡ್ಡದೇನಲ್ಲ: ಮೊಳೆಯ ಬದಲು ಸ್ಕ್ರೂ. ನಯವಾದ ಮೊಳೆಯನ್ನು ಮರ ಬರೀ ಒತ್ತಿ ಹಿಡಿದಿರುತ್ತದೆ, ಒಣಗಿದಂತೆ ಆ ಹಿಡಿತ ಸಡಿಲುತ್ತದೆ. ಸ್ಕ್ರೂವಿನ ಸುರುಳಿ ಮರದ ನಾರಿನೊಳಗೇ ಕಚ್ಚಿಕೊಳ್ಳುತ್ತದೆ. ಭೂಕಂಪಗಳ ನಾಡಾದ ನ್ಯೂಜಿಲೆಂಡ್ ಇದನ್ನು ಕಡ್ಡಾಯ ಮಾಡಿಕೊಂಡಿತು. ಅವರಿಗೆ ಇನ್ನೊಂದು ಕಾರಣವೂ ಇತ್ತು, ಅದು ನನಗೆ ಬಹಳ ಹಿಡಿಸಿದ್ದು. ಮೇಸ್ತ್ರಿ ಮೊಳೆ ಬಡಿಯುವಾಗ ಪ್ರತಿ ಪೆಟ್ಟಿಗೂ ಸ್ಟಡ್ ನಡುಗುತ್ತದೆ. ಕೆಳಗಿನ ಸಾಲಿನ ಟೈಗಳು ಅದೇ ಸ್ಟಡ್‌ಗೆ ಅಂಟಿಕೊಂಡಿವೆ, ಇನ್ನೊಂದು ತುದಿ ಈಗಷ್ಟೇ ಹಾಕಿದ ಹಸಿ ಗಾರೆಯಲ್ಲಿದೆ. ಮೇಲಿನದನ್ನು ಗಟ್ಟಿ ಮಾಡುವ ಸುತ್ತಿಗೆಯೇ ಕೆಳಗಿನದನ್ನು ಸಡಿಲ ಮಾಡುತ್ತದೆ. ಸ್ಕ್ರೂಗೆ ಆ ಪೆಟ್ಟಿಲ್ಲ. 2010-11ರಲ್ಲಿ ಕ್ರೈಸ್ಟ್‌ಚರ್ಚ್ ನಡುಗಿದಾಗ ಮೊಳೆ ಬಡಿದ ಹಳೆಯ ಹೊದಿಕೆಗಳು ಹಲವೆಡೆ ಕಳಚಿಬಿದ್ದವು. ಸ್ಕ್ರೂ ಹಾಕಿದ ಹೊಸ ಮನೆಗಳು ಒಟ್ಟಾರೆ ಚೆನ್ನಾಗಿ ತಾಳಿಕೊಂಡವು.

ಉಳಿದ ವೈರಿ ತುಕ್ಕು. ಟೈ ಮೇಲಿನ ಸತುವಿನ ಲೇಪ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಆದ್ದರಿಂದ ಲೇಪ ಎಷ್ಟು ದಪ್ಪವೋ ಅಷ್ಟು ಆಯುಷ್ಯ. ಬ್ರಿಟನ್ನಿನಲ್ಲಿ ನಡುವೆ ಸಂದು ಬಿಟ್ಟು ಕಟ್ಟುವ ಜೋಡಿಗೋಡೆಗಳ ಟೈಗಳಿಗೆ 1964ರ ಮಾನದಂಡ ಲೇಪವನ್ನು ತೆಳುಮಾಡಿತು, 1981ರಲ್ಲಿ ಮತ್ತೆ ದಪ್ಪ ಮಾಡಬೇಕಾಯಿತು. ಆ ನಡುವೆ ಕಟ್ಟಿದ ಮನೆಗಳ ಟೈಗಳು ಎಣಿಸಿದ್ದಕ್ಕಿಂತ ಬೇಗ ತುಕ್ಕು ಹಿಡಿದವು. ದಪ್ಪ ಪಟ್ಟಿಯ ಟೈ ತುಕ್ಕು ಹಿಡಿದು ಉಬ್ಬಿ ಗೋಡೆಯನ್ನೇ ಎತ್ತುತ್ತದೆ, ಹೊರಗೆ ಅಡ್ಡ ಬಿರುಕು ಕಾಣಿಸುತ್ತದೆ. ತೆಳ್ಳನೆಯ ತಂತಿಯ ಟೈ ಸುಳಿವೇ ಕೊಡದೆ ಕರಗಿಹೋಗುತ್ತದೆ. ಆಸ್ಟ್ರೇಲಿಯಾದ ಕಡಲೂರು ನ್ಯೂಕ್ಯಾಸಲ್‌ನಲ್ಲಿ 1989ರ ಡಿಸೆಂಬರ್ 28ರಂದು 5.6 ತೀವ್ರತೆಯ ಭೂಕಂಪಕ್ಕೆ 13 ಮಂದಿ ಸತ್ತರು. ಬಿದ್ದ ಗೋಡೆಗಳ ಒಳಗೆ ತುಕ್ಕು ತಿಂದ ಟೈಗಳು ಕಂಡವು. ಕಡಲ ಬಳಿ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಟೈ ಹಾಕುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ಈಗ ಎರಡು ತುಂಡಿನ ಟೈಗಳು ಬಂದಿವೆ. ಸ್ಟಡ್‌ಗೆ ಸ್ಕ್ರೂ ಹಾಕಿದ ತಟ್ಟೆ, ಅದರ ಸೀಳಿನಲ್ಲಿ ಮೇಲೆ ಕೆಳಗೆ ಜಾರುವ ದಪ್ಪ ತಂತಿಯ ಕುಣಿಕೆ. ಮಡಿಕೆಯ ತಾಪತ್ರಯವೇ ಇಲ್ಲ, ಗಾರೆಯ ಸಾಲು ಎಲ್ಲಿದ್ದರೂ ಕುಣಿಕೆ ಅಲ್ಲಿಗೆ ಹೊಂದಿಕೊಳ್ಳುತ್ತದೆ. ನೊಗಕ್ಕೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ. ಆದರೆ ಭೂಕಂಪಕ್ಕೂ ಜಗ್ಗದ ಟೈ ಎಂದು ಮಾರುವವರನ್ನು ನಂಬಬೇಡಿ. ಗಾರೆಯಲ್ಲಿ ಒಂದೂವರೆ ಅಂಗುಲ ಹೂತುಕೊಳ್ಳದ ಕುಣಿಕೆ ಎಷ್ಟೇ ದುಬಾರಿಯಾದರೂ ಕೆಲಸಕ್ಕೆ ಬಾರದು.

ಓದುಗರ ಮಗಳ ಮನೆಗೆ ಭಯ ಬೇಡ. ಹೊರಗೋಡೆ ಎಲ್ಲಾದರೂ ಉಬ್ಬಿದೆಯೇ, ಅಡ್ಡ ಬಿರುಕು ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಟೈ ಹಾಳಾಗಿದ್ದರೆ ಹೊರಗಿನಿಂದಲೇ ರಂಧ್ರ ಕೊರೆದು ಸುರುಳಿಯಾಕಾರದ ಸ್ಟೇನ್‌ಲೆಸ್ ಟೈ ಹಾಕುವ ದಾರಿ ಇದೆ. ಹೊಸದಾಗಿ ಕಟ್ಟಿಸುತ್ತಿರುವವರು ಮಾತ್ರ ಇಟ್ಟಿಗೆ ಏರುವ ದಿನ ದಯವಿಟ್ಟು ಅಲ್ಲಿ ನಿಂತು ನೋಡಿ. ಮರುದಿನ ಹೋದರೆ ಒಂದು ಟೈಯೂ ಕಣ್ಣಿಗೆ ಬೀಳುವುದಿಲ್ಲ.