ಪ್ರಾರ್ಥನೆಯ ಗಂಟೆಯಿಂದ ಬಿಸಿಯೂಟದ ಪಂಕ್ತಿಯವರೆಗೆ: ಪ್ರಾಥಮಿಕ ಶಾಲೆಯ ದಿನಚರಿ ಮತ್ತು ಶಿಸ್ತು

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರುವ ಮಗುವಿಗೆ ಅಕ್ಷರ ತಿದ್ದುವ ಮೊದಲೇ ಹಲವು ಸಂಗತಿಗಳು ರೂಢಿಯಾಗತೊಡಗುತ್ತವೆ. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಡುವುದು, ಹೆಸರು ಕೂಗಿದಾಗ ಎದ್ದು ಓಗೊಡುವುದು, ಸಾಲಿನಲ್ಲಿ ತನ್ನ ಸರದಿಗಾಗಿ ಕಾಯುವುದು, ಹೊರಗೆ ಹೋಗುವ ಮುನ್ನ ಶಿಕ್ಷಕರನ್ನು ಕೇಳುವುದು ಇವೆಲ್ಲ ಯಾವ ಪಠ್ಯಪುಸ್ತಕದ ಪಾಠವೂ ಅಲ್ಲ, ದಿನವೂ ಅದೇ ಹೊತ್ತಿಗೆ ಅದೇ ಕ್ರಮದಲ್ಲಿ ನಡೆಯುವ ಕೆಲಸಗಳ ಮೂಲಕ ಮೈಗೂಡುವ ನಡವಳಿಕೆಗಳು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ, ಆರರಿಂದ ಎಂಟನೆಯ ತರಗತಿಗಳಿಗೆ 220 ದಿನಗಳನ್ನೂ 1000 ಗಂಟೆಗಳನ್ನೂ ನಿಗದಿಪಡಿಸಿದೆ. ಕಿರಿಯ ತರಗತಿಗಳ ಲೆಕ್ಕವನ್ನು ದಿನಕ್ಕೆ ಹಂಚಿದರೆ ಕಡ್ಡಾಯ ಪಾಠದ ಅವಧಿ ನಾಲ್ಕು ಗಂಟೆಯಾಗುತ್ತದೆ. ಅದರ ಆಚೆಗಿರುವ ಪ್ರಾರ್ಥನೆ, ಹಾಲು, ಊಟ, ಆಟ, ಸ್ವಚ್ಛತೆಯ ಹೊತ್ತಿನಲ್ಲಿಯೇ ಮಗು ಇತರರೊಡನೆ ಬಾಳುವುದನ್ನು ಹೆಚ್ಚಾಗಿ ಕಲಿಯುತ್ತದೆಯಾದ್ದರಿಂದ ಆ ಹೊತ್ತನ್ನು ಬಿಡುವೆಂದು ಭಾವಿಸುವುದು ತಪ್ಪಾಗುತ್ತದೆ.

ದಿನ ಆರಂಭವಾಗುವುದು ಪ್ರಾರ್ಥನಾ ಸಭೆಯಿಂದ. ಚಿಕ್ಕವರು ಮುಂದೆ, ಎತ್ತರದವರು ಹಿಂದೆ ಎಂಬ ಕ್ರಮದಲ್ಲಿ ಸಾಲುಗಳು ನಿಂತು, ‘ಸಾವಧಾನ್’, ‘ವಿಶ್ರಾಮ್’ ಎಂಬ ಆದೇಶಗಳಿಗೆ ಮಕ್ಕಳು ಒಟ್ಟಾಗಿ ಸ್ಪಂದಿಸುತ್ತಾರೆ. ನಾಡಗೀತೆ, ರಾಷ್ಟ್ರಗೀತೆಗಳ ಜೊತೆಗೆ ಸುಭಾಷಿತ, ದಿನಪತ್ರಿಕೆಯ ಮುಖ್ಯ ಸುದ್ದಿ, ಹುಟ್ಟುಹಬ್ಬದ ಶುಭಾಶಯ ಮುಂತಾದವು ಸೇರುತ್ತವೆ. ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ತೀರ್ಮಾನಿಸಿತು. ಸುದ್ದಿ ಓದುವ ಸರದಿ ಪ್ರತಿಯೊಂದು ಮಗುವಿಗೂ ಬರುವಂತೆ ನೋಡಿಕೊಳ್ಳುವ ಶಾಲೆಯಲ್ಲಿ, ಮನೆಯಲ್ಲಿ ನಾಲ್ಕು ಜನರೆದುರು ಬಾಯಿಬಿಡಲು ಹಿಂಜರಿಯುವ ಮಗುವೂ ಇಡೀ ಶಾಲೆಯ ಮುಂದೆ ನಿಂತು ಒಂದು ವಾಕ್ಯವನ್ನಾದರೂ ಗಟ್ಟಿಯಾಗಿ ಹೇಳುತ್ತದೆ. ಚೆನ್ನಾಗಿ ಓದುವ ಇಬ್ಬರು ಮೂವರಿಗೇ ಆ ಕೆಲಸ ಮೀಸಲಾದರೆ ಉಳಿದವರ ಪಾಲಿಗೆ ಸಭೆಯು ಬಿಸಿಲಲ್ಲಿ ಸುಮ್ಮನೆ ನಿಲ್ಲುವ ಅವಧಿಯಾಗಿಬಿಡುತ್ತದೆ.

ತರಗತಿಯೊಳಗಿನ ನಡವಳಿಕೆಯ ವಿಷಯದಲ್ಲಿ ‘ನಲಿ-ಕಲಿ’ ಪದ್ಧತಿಯನ್ನು ವಿಶೇಷವಾಗಿ ಗಮನಿಸಬೇಕು. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರ ಸುಮಾರಿಗೆ ಆರಂಭವಾದ ಈ ಚಟುವಟಿಕೆ ಆಧಾರಿತ ಕ್ರಮವು ಮುಂದೆ ರಾಜ್ಯದಾದ್ಯಂತ ಕೆಳಹಂತದ ತರಗತಿಗಳಿಗೆ ವಿಸ್ತರಿಸಿತು. ಇದರಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಸಹಪಾಠಿಗಳ ನೆರವು ದೊರೆತರೆ ಒಂದು ಗುಂಪು ತಾನಾಗಿ ಕಲಿಯುತ್ತದೆ. ಕಲಿಕೆಯ ಹಂತಗಳನ್ನು ಅನುಕ್ರಮವಾಗಿ ತೋರಿಸುವ ‘ಕಲಿಕಾ ಏಣಿ’ಯನ್ನು ನೋಡಿ ಮಗು ತನ್ನ ಮುಂದಿನ ಚಟುವಟಿಕೆ ಯಾವುದೆಂದು ಗುರುತಿಸಿ, ಅದರ ಕಾರ್ಡನ್ನು ಟ್ರೇಯಿಂದ ತಾನೇ ತಂದು, ಕೆಲಸ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿಡಬೇಕು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಕಪ್ಪುಹಲಗೆಯಿರುತ್ತದೆ. ತಲೆಯ ಮೇಲೆ ಎಳೆದ ದಾರಗಳ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು ತೂಗುತ್ತಿರುತ್ತವೆ. ಇಲ್ಲಿ ಮೌನವನ್ನು ನಿರೀಕ್ಷಿಸುವುದಿಲ್ಲ. ಕಾರ್ಡನ್ನು ಹರಿಯದಿರುವುದು, ಪಕ್ಕದವನು ತಡವರಿಸಿದಾಗ ಹೇಳಿಕೊಡುವುದು, ಇನ್ನೊಂದು ಗುಂಪಿಗೆ ತೊಂದರೆಯಾಗದಂತೆ ಮಾತನಾಡುವುದು ಇವೇ ಇಲ್ಲಿನ ನಿರೀಕ್ಷೆಗಳು. ಆರೇಳು ವರ್ಷದ ಮಕ್ಕಳಿಗೆ ಇಂಥ ನಿರೀಕ್ಷೆಗಳು ನಿಜಕ್ಕೂ ಎಟುಕುವಂಥವು; ಕೈಕಟ್ಟಿ ಬಾಯಮೇಲೆ ಬೆರಳಿಟ್ಟು ಗಂಟೆಗಟ್ಟಲೆ ಕೂರುವುದು ಎಟುಕುವಂಥದ್ದಲ್ಲ.

ಮಧ್ಯಾಹ್ನದ ಬಿಸಿಯೂಟವು ದಿನಚರಿಯ ಅತ್ಯಂತ ಮಹತ್ವದ ಭಾಗವೆಂದರೆ ಅತಿಶಯೋಕ್ತಿಯಲ್ಲ. ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಆಹಾರವನ್ನೇ ಕೊಡಬೇಕೆಂದು ಆದೇಶಿಸಿದ ನಂತರ, ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಆರಂಭವಾದ ‘ಅಕ್ಷರ ದಾಸೋಹ’ ಕ್ರಮೇಣ ರಾಜ್ಯವನ್ನೆಲ್ಲ ವ್ಯಾಪಿಸಿತು. ಹಾಲು ನೀಡುವ ‘ಕ್ಷೀರಭಾಗ್ಯ’ 2013ರಲ್ಲಿ ಅದಕ್ಕೆ ಸೇರಿತು. ರಾಷ್ಟ್ರೀಯ ಮಾನದಂಡದಂತೆ ಐದನೆಯ ತರಗತಿಯವರೆಗಿನ ಮಗುವಿನ ಊಟದಲ್ಲಿ 450 ಕ್ಯಾಲರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನ್ ಇರಬೇಕು. ಈ ಊಟದ ಸುತ್ತ ಬೆಳೆದಿರುವ ಕಟ್ಟುಪಾಡುಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ಬೆಲೆ ತಿಳಿಯುತ್ತದೆ: ಬಡಿಸುವ ಮೊದಲು ಶಿಕ್ಷಕರು ಅಡುಗೆಯ ರುಚಿ ನೋಡಿ ವಹಿಯಲ್ಲಿ ದಾಖಲಿಸುತ್ತಾರೆ, ಮಕ್ಕಳು ನಲ್ಲಿಯ ಬಳಿ ಕೈತೊಳೆದು, ತಟ್ಟೆಯೊಡನೆ ಜಗುಲಿಯಲ್ಲಿ ಎದುರುಬದುರಾಗಿ ಕುಳಿತು, ಎಲ್ಲರಿಗೂ ಬಡಿಸಿ ಮುಗಿಯುವವರೆಗೆ ಕಾಯುತ್ತಾರೆ, ಬೇಕಾದಷ್ಟೇ ಹಾಕಿಸಿಕೊಂಡು, ಉಂಡ ಮೇಲೆ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ಯಾರ ಪಕ್ಕದಲ್ಲಿ ಯಾರು ಕೂರಬೇಕು, ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು ಎಂಬುದನ್ನು ಜಾತಿಯೇ ನಿರ್ಧರಿಸುತ್ತ ಬಂದ ಸಮಾಜದಲ್ಲಿ, ಊರಿನ ಎಲ್ಲ ಕೇರಿಗಳ ಮಕ್ಕಳು ಒಂದೇ ಹಂಡೆಯ ಸಾರನ್ನು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕಿಂತ ದೊಡ್ಡ ನಡವಳಿಕೆಯ ಪಾಠ ಶಾಲೆಯಲ್ಲಿ ಮತ್ತೊಂದಿಲ್ಲ. ಆದುದರಿಂದಲೇ ಮನೆಯಿಂದ ಡಬ್ಬಿ ತಂದ ಮಗುವನ್ನೂ ಅದೇ ಸಾಲಿನಲ್ಲಿ ಕೂರಿಸುವ ಎಚ್ಚರ ಶಿಕ್ಷಕರಿಗೆ ಇರಬೇಕಾಗುತ್ತದೆ.

ಕೆಲಸಗಳ ಹಂಚಿಕೆಯಲ್ಲಿಯೂ ಅಷ್ಟೇ ಎಚ್ಚರ ಬೇಕು. ಅನೇಕ ಶಾಲೆಗಳಲ್ಲಿ ಮಕ್ಕಳೇ ಆರಿಸಿದ ‘ಶಾಲಾ ಮಂತ್ರಿಮಂಡಲ’ವಿದ್ದು, ಆಹಾರ, ಸ್ವಚ್ಛತೆ, ಕ್ರೀಡೆ ಮುಂತಾದ ಖಾತೆಗಳನ್ನು ಹಿರಿಯ ತರಗತಿಯವರು ನಿರ್ವಹಿಸುತ್ತಾರೆ. ತರಗತಿಯ ಕಸ ಎತ್ತುವುದು, ಗಿಡಗಳಿಗೆ ನೀರೆರೆಯುವುದು ಎಲ್ಲರಿಗೂ ಸರದಿಯಂತೆ ಬಂದಾಗ ಶಾಲೆ ನಮ್ಮದೆಂಬ ಭಾವ ಮೂಡುತ್ತದೆ. ಪೊರಕೆ ಹುಡುಗಿಯರ ಕೈಗೆ, ಗಂಟೆ ಹೊಡೆಯುವ ಕೋಲು ಹುಡುಗರ ಕೈಗೆ ಎಂದಾದಾಗ ಅದೇ ದಿನಚರಿ ಅನ್ಯಾಯವನ್ನು ರೂಢಿ ಮಾಡಿಸುತ್ತದೆ. ಮಕ್ಕಳಿಂದ, ಅದರಲ್ಲೂ ದಲಿತ ಮಕ್ಕಳಿಂದ, ಶೌಚಾಲಯ ತೊಳೆಸಿದ ಪ್ರಕರಣಗಳನ್ನು ಸ್ವಚ್ಛತೆಯ ಪಾಠವೆಂದು ಯಾವ ಕಾರಣಕ್ಕೂ ಸಮರ್ಥಿಸಲಾಗದು. ಮಾತನಾಡಿದವರ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆಯುವ ಅಧಿಕಾರವನ್ನು ಕ್ಲಾಸ್ ಲೀಡರಿಗೆ ಕೊಡುವ ಹಳೆಯ ರೂಢಿಯೂ ಮರುಪರಿಶೀಲನೆಗೆ ಅರ್ಹವಾದುದು, ಏಕೆಂದರೆ ಅದು ಜೊತೆಗಾರನಿಗೆ ನೆರವಾಗುವ ಬದಲು ಅವನ ಮೇಲೆ ದೂರು ಹೇಳುವುದನ್ನು ಕಲಿಸುತ್ತದೆ.

ಇನ್ನು ಶಿಕ್ಷೆಯ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು ಮೊದಲನೆಯದಕ್ಕೂ, ಎಲ್ಲರೆದುರು ದಡ್ಡನೆಂದು ಜರೆಯುವುದು ಎರಡನೆಯದಕ್ಕೂ ಸೇರುತ್ತವೆ. ಬೆತ್ತವಿಲ್ಲದೆ ಮಕ್ಕಳು ಹತೋಟಿಗೆ ಬರುವುದಿಲ್ಲವೆಂದು ಕೆಲವು ಪಾಲಕರೇ ಶಿಕ್ಷಕರಿಗೆ ಹೇಳುವುದುಂಟು. ಆದರೆ ತಡವಾಗಿ ಬರುವ ಮಗು ಬೆಳಿಗ್ಗೆ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುತ್ತಿರಬಹುದು, ಪಾಠದಲ್ಲಿ ತೂಕಡಿಸುವ ಮಗು ಬೆಳಗಿನ ತಿಂಡಿಯಿಲ್ಲದೆ ಬಂದಿರಬಹುದು; ಕಾರಣ ತಿಳಿಯದೆ ಕೊಟ್ಟ ಪೆಟ್ಟು ಮಾರನೆಯ ದಿನ ಆ ಮಗುವನ್ನು ಶಾಲೆಯಿಂದಲೇ ದೂರವಿಡುವ ಸಾಧ್ಯತೆ ಹೆಚ್ಚು. ಪಾಲಕರೇ ಮುಕ್ಕಾಲು ಪಾಲು ಸದಸ್ಯರಾಗಿರಬೇಕಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಕಟ್ಟಡ ಮತ್ತು ಅನುದಾನದ ಚರ್ಚೆಯ ಜೊತೆಗೆ ಇಂಥ ಮಕ್ಕಳ ಹಾಜರಿಯನ್ನೂ ಸಭೆಯ ಮುಂದಿಟ್ಟರೆ, ಶಿಕ್ಷಕರು ಒಬ್ಬರೇ ಊಹಿಸಬೇಕಾದ ಕಾರಣಗಳು ನೆರೆಹೊರೆಯವರ ಬಾಯಿಂದಲೇ ತಿಳಿದುಬರುತ್ತವೆ.