ಲಕ್ಕವಳ್ಳಿಯ ಹೂಳು, ಹಂಸಲದೀವಿಯ ಕಡಲು

ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಕಡಲ್ಕೊರೆತ ಅಂದರೆ ಮಳೆಗಾಲದಲ್ಲಿ ಟಿವಿಯಲ್ಲಿ ಬರುವ ಉಳ್ಳಾಲದ ಸುದ್ದಿ. ಆದರೆ ಈ ಸೀಮೆಯ ಮಳೆನೀರಿನ ಬಹುಪಾಲು ಹರಿಯುವುದು ಮೂಡಣ ಕಡಲಿನ ಕಡೆಗೆ. ಬಾಬಾಬುಡನ್‌ಗಿರಿಯ ಒಂದು ಮಗ್ಗುಲಿನ ಹಳ್ಳಗಳು ಭದ್ರೆ ಸೇರುತ್ತವೆ. ಇನ್ನೊಂದು ಮಗ್ಗುಲಿನವು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ, ವೇದಾವತಿಯಾಗಿ ಮುಂದೆ ಹೋಗುತ್ತವೆ. ಎರಡಕ್ಕೂ ದಾರಿ ಒಂದೇ: ತುಂಗಭದ್ರೆ, ಕೃಷ್ಣೆ, ಕೊನೆಗೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ. ಲೆಕ್ಕಕ್ಕೆ ನಮ್ಮ ಕಡಲು ಅದೇ. ಅಲ್ಲಿ ದಡ ಕರಗುತ್ತಿದೆ.

ಅಲೆ ಮರಳನ್ನು ಎಳೆದೊಯ್ಯುತ್ತದೆ, ನದಿ ತಂದು ಸುರಿಯುತ್ತದೆ. ಜಮಾ ಖರ್ಚು ಸರಿದೂಗುವಷ್ಟು ಕಾಲ ದಡ ಇದ್ದಲ್ಲೇ ಇರುತ್ತದೆ. ಕೃಷ್ಣೆಯಲ್ಲಿ ಜಮಾ ಬಹುತೇಕ ನಿಂತುಹೋಗಿದೆ. 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಹೂಳು ಮುಖಜ ಭೂಮಿಗೆ ಬರುತ್ತಿತ್ತು. 2000–2005ರ ಹೊತ್ತಿಗೆ 4 ಲಕ್ಷ ಟನ್ನಿಗೆ ಇಳಿದಿತ್ತು. 1965ರಿಂದ 2008ರೊಳಗೆ ಕೃಷ್ಣಾ–ಗೋದಾವರಿ ಮುಖಜ ಭೂಮಿಯ 336 ಕಿ.ಮೀ. ತೀರದಲ್ಲಿ 76 ಚದರ ಕಿ.ಮೀ. ನೆಲ ಕಡಲು ಪಾಲಾಯಿತು.

ಹೂಳು ಎಲ್ಲಿ ಉಳಿಯಿತು? ಬೇಸಿಗೆಯಲ್ಲಿ ನಮ್ಮ ಯಾವುದೇ ಕೆರೆಯ ಅಂಗಳಕ್ಕೆ ಇಳಿದು ನೋಡಿ. ಹಳ್ಳ ಬಂದು ಸೇರುವ ತುದಿಯಲ್ಲಿ ಕಾಲಿಗೆ ಚುಚ್ಚುವ ಗರಸು, ಮರಳು. ಏರಿಯ ಕಡೆಗೆ ನಡೆದಂತೆ ನುಣ್ಣನೆಯ ಗೋಡು, ಬಿಸಿಲಿಗೆ ಬಿರುಕು ಬಿಟ್ಟದ್ದು. ಹರಿವು ನಿಧಾನವಾದ ಕೂಡಲೇ ನೀರು ಭಾರದ್ದನ್ನು ಮೊದಲು ಕೈಬಿಡುತ್ತದೆ, ಹಗುರವಾದದ್ದನ್ನು ಆಮೇಲೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 71.5 ಟಿಎಂಸಿಯ ಭದ್ರಾ ಜಲಾಶಯದೊಳಗೂ ನಡೆಯುವುದು ಇದೇ. ತಪ್ಪಿಸಿಕೊಂಡ ಹೂಳು ಹೊಸಪೇಟೆಯಲ್ಲಿ ಸಿಕ್ಕಿಬೀಳುತ್ತದೆ: 1953ರಲ್ಲಿ 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯದಲ್ಲಿ ಈಗ ಸುಮಾರು 105 ಟಿಎಂಸಿಗಷ್ಟೇ ಜಾಗ. ಆಮೇಲೆ ಶ್ರೀಶೈಲ, ನಾಗಾರ್ಜುನಸಾಗರ. ಕಡೂರಿನ ಮಣ್ಣಿನ ಪಾಡು ಇನ್ನೂ ವಿಚಿತ್ರ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಣ್ಣು ದಾಟುವುದಾದರೂ ಹೇಗೆ? ಈಗ ಭದ್ರೆಯ ನೀರನ್ನೂ ಅಜ್ಜಂಪುರದ ಸುರಂಗದಿಂದ ಅದೇ ಜಲಾಶಯಕ್ಕೆ ತಿರುಗಿಸಿದ್ದೇವೆ.

ಹಾಗೆಂದು ಮೇಲಿನಿಂದ ಎಷ್ಟು ಮಣ್ಣು ಕೊಚ್ಚಿ ಬಂದರೂ ಒಳ್ಳೆಯದೇ ಎನ್ನುವಂತಿಲ್ಲ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಗೆ ಸುರಿದ ಕೆಸರು ಕಡಲಿಗೆ ಉಪಕಾರ ಮಾಡಲಿಲ್ಲ, ಹೊಳೆಯನ್ನು ಕೆಡಿಸಿತು.

ತೀರದಲ್ಲಿ ಕಲ್ಲು ಸುರಿದರೆ ಆ ಜಾಗ ಒಂದಷ್ಟು ಕಾಲ ಉಳಿದೀತು. ಅಲೆ ಪಕ್ಕದ ದಡವನ್ನು ಹಿಡಿಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಕೆಸರನ್ನು ಹಿಡಿದಿಡುತ್ತವೆ ನಿಜ, ಆದರೆ ಕೆಸರು ಬರಬೇಕಲ್ಲ. ಪ್ರವಾಹದ ದಿನಗಳಲ್ಲಿ ತಳದ ತೂಬು ತೆರೆದು ಹೂಳನ್ನು ನೀರಿನ ಜೊತೆಗೇ ಸಾಗಹಾಕುವ ಕ್ರಮ ಬೇರೆ ದೇಶಗಳಲ್ಲಿದೆ. ನಮ್ಮ ಹಳೆಯ ಅಣೆಕಟ್ಟೆಗಳಲ್ಲಿ ಅದು ಸುಲಭವಲ್ಲ, ಆದರೂ ಹೊಸ ಯೋಜನೆ ಬರೆಯುವಾಗಲಾದರೂ ಹೂಳಿನ ದಾರಿಯನ್ನು ಯೋಚಿಸಬೇಕು. ಸದ್ಯಕ್ಕೆ ತುಂಗಭದ್ರೆಯಲ್ಲಿ ಹೂಳು ನುಂಗಿದ ಜಾಗಕ್ಕೆ ಬದಲಾಗಿ ಸರ್ಕಾರದ ಮುಂದಿರುವುದು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವ.